ಪೋಪ್ ಕೊಟ್ಟ ಕಾರು, ಕುಷ್ಠರೋಗಿಗಳ ಸೂರು

ದೊಡ್ಡ ಕಾರು ಪುಕ್ಕಟೆ ಮನೆ ಬಾಗಿಲಿಗೆ ಬಂದರೆ ಯಾರು ತಾನೇ ಬಿಟ್ಟಾರು? ಮದರ್ ತೆರೇಸಾ ಬಿಟ್ಟರು.

ಅಲ್ಬೇನಿಯನ್ ಮನೆತನದ ಈಕೆ ಹುಟ್ಟಿದ್ದು 1910ರಲ್ಲಿ, ಸ್ಕೋಪಿಯೆಯಲ್ಲಿ. 1929ರಲ್ಲಿ ಕಲ್ಕತ್ತಕ್ಕೆ ಬಂದು ಮೇಡಂ ಆಗಿದ್ದವರು ಪಾಠ ಬಿಟ್ಟು ಕೊಳೆಗೇರಿಗೆ ಇಳಿದರು. 1950ರಲ್ಲಿ ಮಿಷನರೀಸ್ ಆಫ್ ಚಾರಿಟಿ ಕಟ್ಟಿದರು.

1964ರ ಡಿಸೆಂಬರಿನಲ್ಲಿ ಪೋಪ್ ಆರನೇ ಪಾಲ್ ಮುಂಬಯಿಗೆ ಬಂದಿದ್ದರು. ಓಡಾಡಿದ್ದು ಅಮೆರಿಕದ ಬಿಳಿ ಲಿಂಕನ್ ಕಾರಿನಲ್ಲಿ. ಹೊರಡುವಾಗ ಅದನ್ನೇ ಮದರ್‌ಗೆ ದಾನ ಕೊಟ್ಟುಬಿಟ್ಟರು.

ಬಡವರ ಹಟ್ಟಿಗೆ ಬಿಳಿ ಆನೆ ಕಟ್ಟಿದ ಹಾಗಾಯ್ತು! ಪೆಟ್ರೋಲು, ಡ್ರೈವರು, ರಿಪೇರಿ ಅಂತ ದುಡ್ಡು ಸುರಿಯೋರು ಯಾರು? ಸುಮ್ಮನೆ ಮಾರಿದ್ದರೆ ಒಬ್ಬ ಸಾಹುಕಾರನ ಹಣವಷ್ಟೇ ಬರ್ತಿತ್ತು. ಮದರ್ ಲಾಟರಿ ಇಟ್ಟರು. ಕಾರು ಒಬ್ಬರಿಗೆ ಹೋಯ್ತು. ಟಿಕೆಟ್ ಕೊಂಡವರೆಲ್ಲ ದಾನಿಗಳಾದರು. ಆ ಹಣ ಬಂಗಾಳದ ಅಸನ್ಸೋಲ್ ಕಡೆಯ ಶಾಂತಿನಗರಕ್ಕೆ ಸಂದಿತು. ಊರಾಚೆ ದೂಡಿಸಿಕೊಂಡ ಕುಷ್ಠರೋಗಿಗಳಿಗೆ ಅಲ್ಲಿ ಮನೆ, ಔಷಧಿ, ದುಡಿಮೆ ಸಿಕ್ಕಿತು.

1979ರಲ್ಲಿ ನೊಬೆಲ್ ಬಂದಾಗಲೂ ಅದೇ ಲೆಕ್ಕ. ಔತಣ ಬೇಡ, ಆ ಖರ್ಚು ಬಡವರಿಗೆ ಕೊಡಿ ಅಂದರು. 1997ರಲ್ಲಿ ತೀರಿಕೊಂಡರು. ಕಾರಿನ ದುಡ್ಡು ಮಾತ್ರ ಅಲ್ಲಿ ಸೂರಾಗಿ ನಿಂತಿತು.