ದೀಪವನ್ನೂ ಲೆಕ್ಕವನ್ನೂ ಹಿಡಿದ ದಾದಿ

ಮಕ್ಕಳೇ, ಆಸ್ಪತ್ರೆಯಲ್ಲಿ ನರ್ಸ್‌ಗಳ ಪಾಳಿ ಬದಲಾಗುವುದನ್ನು ನೋಡಿದ್ದೀರಾ? ಹಗಲು ಪಾಳಿಯವರು ಹೊರಡುವ ಮುನ್ನ ಪ್ರತಿ ರೋಗಿಯ ವಿವರವನ್ನು ರಾತ್ರಿ ಪಾಳಿಯವರಿಗೆ ಒಪ್ಪಿಸುತ್ತಾರೆ. ಜ್ವರ ಎಷ್ಟಿತ್ತು, ಯಾವ ಔಷಧಿಯನ್ನು ಎಷ್ಟು ಗಂಟೆಗೆ ಕೊಟ್ಟಾಯಿತು ಎಂಬುದೆಲ್ಲ ಬರಹದಲ್ಲಿರುತ್ತದೆ. ಬರೆಯದಿದ್ದರೆ ಒಂದೇ ಔಷಧಿಯನ್ನು ಎರಡು ಸಲ ಕೊಡಬಹುದು, ಇಲ್ಲವೇ ಕೊಡುವುದೇ ತಪ್ಪಿಹೋಗಬಹುದು. ದಾದಿ ಇಲ್ಲದ ಹೊತ್ತಿನಲ್ಲಿ ರೋಗಿಗೆ ಒದಗುವ ಇಂತಹ ಅಪಾಯವನ್ನು ಬಹಳ ಹಿಂದೆಯೇ ಗುರುತಿಸಿದವರು ಫ್ಲಾರೆನ್ಸ್ ನೈಟಿಂಗೇಲ್.

ಅವರು 1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ, ಶ್ರೀಮಂತ ಇಂಗ್ಲಿಷ್ ಕುಟುಂಬದಲ್ಲಿ ಜನಿಸಿದರು. ಬಾಲ್ಯದಿಂದಲೂ ಗಣಿತವೆಂದರೆ ಇಷ್ಟ. ಆಗ ದಾದಿಯ ಕೆಲಸಕ್ಕೆ ಗೌರವವಿರಲಿಲ್ಲ. ಮನೆಯವರು ವಿರೋಧಿಸಿದರೂ ಛಲ ಬಿಡದೆ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ತರಬೇತಿ ಪಡೆದರು.

1854ರಲ್ಲಿ ಕ್ರಿಮಿಯಾ ಯುದ್ಧದ ಸೈನಿಕರ ಆರೈಕೆಗಾಗಿ 38 ದಾದಿಯರೊಂದಿಗೆ ಟರ್ಕಿಯ ಸ್ಕುಟಾರಿಗೆ ಹೋದರು. ಅಲ್ಲಿ ಗಾಯಗಳಿಗಿಂತ ಕಾಲರಾ, ಆಮಶಂಕೆಯಂತಹ ರೋಗಗಳಿಂದಲೇ ಹೆಚ್ಚು ಸೈನಿಕರು ಸಾಯುತ್ತಿದ್ದರು. ಸತ್ತವರ ಸಂಖ್ಯೆ ಒಂದು ದಾಖಲೆಯಲ್ಲಿ ಒಂದು ರೀತಿ, ಇನ್ನೊಂದರಲ್ಲಿ ಬೇರೆ ರೀತಿ! ಲೆಕ್ಕವೇ ಸರಿಯಿಲ್ಲದಿದ್ದರೆ ಕಾರಣ ತಿಳಿಯುವುದು ಹೇಗೆ? 1855ರಲ್ಲಿ ನೈರ್ಮಲ್ಯ ತಜ್ಞರ ತಂಡ ಬಂದು ಚರಂಡಿಗಳನ್ನು ಶುಚಿಗೊಳಿಸಿ, ಗಾಳಿಯಾಡುವಂತೆ ಮಾಡಿತು. ಸಾವುಗಳು ಬಹಳ ಇಳಿದವು. ನೈಟಿಂಗೇಲ್ ಊರಿಗೆ ಮರಳಿ ಅಂಕಿ ಅಂಶಗಳನ್ನು ಒಟ್ಟುಗೂಡಿಸಿದರು. 1858ರಲ್ಲಿ ಅವುಗಳನ್ನು ಬಣ್ಣದ ವೃತ್ತಾಕಾರದ ನಕ್ಷೆಯಲ್ಲಿ ತೋರಿಸಿದರು. ಅದೇ ವರ್ಷ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘದ ಮೊದಲ ಮಹಿಳಾ ಸದಸ್ಯೆಯಾದರು.

1859ರಲ್ಲಿ ಶುಶ್ರೂಷೆಯ ಬಗ್ಗೆ ಪುಸ್ತಕವೊಂದನ್ನು ಬರೆದರು. ತಾನು ಇಲ್ಲದಾಗಲೂ ಕೆಲಸ ಸರಿಯಾಗಿ ನಡೆಯುವಂತೆ ಏರ್ಪಾಡು ಮಾಡುವವಳೇ ಒಳ್ಳೆಯ ದಾದಿ ಎಂಬುದು ಅವರ ವಿಚಾರ. ಬೇಕಿದ್ದರೆ ಪೆನ್ಸಿಲ್ಲಿನಿಂದ ಬರೆದುಕೊಳ್ಳಿ, ಆದರೆ ಚೀಟಿಯನ್ನೇ ನಂಬಿ ಗಮನಿಸುವುದನ್ನು ಮರೆಯಬೇಡಿ ಎಂಬುದು ಅವರ ಎಚ್ಚರಿಕೆ. ಕಣ್ಣಿಗೆ ಬೀಳದ್ದನ್ನು ಕೈ ಬರೆಯಲಾರದು, ಅಲ್ಲವೇ?

1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ದಾದಿಯರ ಶಾಲೆ ಆರಂಭವಾಯಿತು. ಅಲ್ಲಿನ ವಿದ್ಯಾರ್ಥಿನಿಯರು ದಿನಚರಿ ಬರೆಯಬೇಕಿತ್ತು. 1910ರ ಆಗಸ್ಟ್ 13ರಂದು ನೈಟಿಂಗೇಲ್ ನಿಧನರಾದರು. ಅವರ ಜನ್ಮದಿನವನ್ನು ಇಂದು ಅಂತರರಾಷ್ಟ್ರೀಯ ದಾದಿಯರ ದಿನವಾಗಿ ಆಚರಿಸಲಾಗುತ್ತದೆ.

ಮಾಡಿ ನೋಡಿ: ಶಾಲೆಯ ತೋಟದ ಒಂದು ಗಿಡವನ್ನು ಆರಿಸಿಕೊಳ್ಳಿ. ಎರಡು ಗುಂಪುಗಳಾಗಿ, ದಿನ ಬಿಟ್ಟು ದಿನ ಅದನ್ನು ನೋಡಿಕೊಳ್ಳಿ. ನೀರು ಹಾಕಿದ ಸಮಯ, ಎಲೆಯ ಸ್ಥಿತಿ, ಕಂಡ ಹುಳುಗಳು ಇವನ್ನು ಬರೆದು ಇನ್ನೊಂದು ಗುಂಪಿಗೆ ಒಪ್ಪಿಸಿ. ವಾರದ ಕೊನೆಗೆ ಓದಿ ನೋಡಿ: ನೀವು ಬರೆಯಲು ಮರೆತದ್ದೇನು?