ಗೀಟ್‌ಹೋರ್ನ್: ಅಗೆದ ನೆಲದಲ್ಲಿ ನಿಂತ ನೀರಿನ ಊರು

ನೆದರ್‌ಲ್ಯಾಂಡ್ಸ್‌ನ ಓವರೈಸೆಲ್ ಪ್ರಾಂತ್ಯದಲ್ಲಿ, ಬೋವೆನ್‌ವೈಡೆ ಎಂಬ ಆಳವಿಲ್ಲದ ಸರೋವರದ ಮಗ್ಗುಲಿಗಿರುವ ಗೀಟ್‌ಹೋರ್ನ್ ಗ್ರಾಮವು ತನ್ನ ಕಾಲುವೆಗಳಿಗೂ 150ಕ್ಕೂ ಹೆಚ್ಚಿನ ಮರದ ಸೇತುವೆಗಳಿಗೂ ಹೆಸರಾಗಿದ್ದರೂ, ಅಲ್ಲಿನ ನೀರು ಬಹುಪಾಲು ಶತಮಾನಗಳ ಕಾಲ ಉರುವಲಿಗಾಗಿ ನೆಲ ಅಗೆದವರು ಬಿಟ್ಟುಹೋದ ಹಳ್ಳಗಳಲ್ಲಿ ನಿಂತದ್ದೆಂಬುದನ್ನು ಮೊದಲು ತಿಳಿಯಬೇಕು.

ಆ ಉರುವಲೇ ಪೀಟ್. ಜೌಗಿನಲ್ಲಿ ಸತ್ತ ಗಿಡಗಳು ಗಾಳಿಯಾಡದೆ, ಪೂರ್ತಿ ಕೊಳೆಯದೆ, ಸಾವಿರಾರು ವರ್ಷಗಳಲ್ಲಿ ಪದರಪದರವಾಗಿ ಕೂಡಿ ಆದ ಈ ಕಂದು ಮಣ್ಣು ಒಣಗಿದರೆ ಸೌದೆಯಂತೆ ಉರಿಯುತ್ತದೆ. ನೀರಿನಡಿಯ ಪೀಟನ್ನು ಕೆಲಸಗಾರರು ಉದ್ದನೆಯ ಕೋಲಿಗೆ ಕಟ್ಟಿದ ಬಲೆಯಿಂದ ಕೆಸರಾಗಿ ಮೇಲೆತ್ತಿ, ಅಗೆಯದೆ ಉಳಿಸಿದ ಕಿರಿದಾದ ನೆಲಪಟ್ಟಿಯ ಮೇಲೆ ಹರಡಿ, ಕಾಲಿಗೆ ಹಲಗೆ ಕಟ್ಟಿಕೊಂಡು ತುಳಿದು ಗಟ್ಟಿ ಮಾಡಿ, ಇಟ್ಟಿಗೆಗಳಾಗಿ ಕತ್ತರಿಸಿ ಒಣಗಿಸುತ್ತಿದ್ದರು. ಅಗೆದ ಹಳ್ಳವನ್ನು ಪೆಟ್‌ಗಾಟ್ ಎಂದೂ ಒಣಗಿಸುವ ಪಟ್ಟಿಯನ್ನು ಲೆಗ್‌ಅಕ್ಕರ್ ಎಂದೂ ಕರೆಯುತ್ತಾರೆ.

ಅಲೆಗಳನ್ನು ತಡೆಯುತ್ತಿದ್ದುದು ಈ ಪಟ್ಟಿಗಳೇ. ಹೆಚ್ಚು ಪೀಟ್ ಸಿಗಲೆಂದು ಹಳ್ಳಗಳನ್ನು ಅಗಲಿಸುತ್ತ, ಪಟ್ಟಿಗಳನ್ನು ಸವೆಸುತ್ತ ಹೋದುದರಿಂದ, 1775 ಮತ್ತು 1776ರ ಬಿರುಗಾಳಿಗಳಲ್ಲಿ ಝೌಡರ್‌ಝೇ ಎಂಬ ಸಮುದ್ರಕೊಲ್ಲಿ ಉಕ್ಕಿ ಒಳನುಗ್ಗಿದಾಗ ಪಟ್ಟಿಗಳು ಕೊಚ್ಚಿಹೋಗಿ, ನೆರೆಯ ಬ್ಯೋಲಾಕೆ ಎಂಬ ಇಡೀ ಊರೇ ನೀರುಪಾಲಾಯಿತು. ಅಲ್ಲಿ ಇಂದಿರುವುದು ಬ್ಯೋಲಾಕರ್‌ವೈಡೆ ಸರೋವರ. ಈ ಅನಾಹುತವನ್ನು ಬರಿಯ ದುರಾಸೆಯ ಫಲವೆನ್ನುವುದು ಅನ್ಯಾಯ. ಕೆಸರಿನಲ್ಲಿ ದುಡಿದವರಲ್ಲಿ ಬಹುಮಂದಿ ಹೊಟ್ಟೆಪಾಡಿಗಾಗಿ ಬಂದ ಬಡವರು.

ಪೀಟ್ ಸಾಗಿಸಲು ತೋಡಿದ ಕಾಲುವೆಗಳೇ ಗೀಟ್‌ಹೋರ್ನ್‌ನ ಬೀದಿಗಳಾದವು, ಅವುಗಳ ನಡುವೆ ಉಳಿದ ನಡುಗಡ್ಡೆಗಳ ಮೇಲೆ ಮನೆಗಳೆದ್ದವು. ಹುಲ್ಲಿನ ಹೊರೆಯಿರಲಿ, ಹಸುವಿರಲಿ, ಎಲ್ಲವೂ ಪುಂಟರ್‌ನಂಥ, ಉದ್ದ ಗಳುವಿನಿಂದ ನೂಕುವ ಮರದ ದೋಣಿಗಳಲ್ಲಿ ಸಾಗಬೇಕಾಗಿದ್ದುದರಿಂದ ಸೇತುವೆಗಳನ್ನು ಎತ್ತರಕ್ಕೆ ಕಟ್ಟಿದರು.

ಅಗೆತ ನಿಂತ ಹಳ್ಳಗಳಲ್ಲಿ ಮೊದಲು ತೇಲುವ ಗಿಡಗಳು, ಬಳಿಕ ಅವುಗಳ ಬೇರು ಹೆಣೆದ ತೇಲುಹಾಸು, ಅದರ ಮೇಲೆ ಜೊಂಡು, ಕೊನೆಗೆ ಜೌಗುಕಾಡು ಬೆಳೆಯುತ್ತದೆ. ಮನೆಗಳಿಗೆ ಹೊದಿಸಲೆಂದು ಚಳಿಗಾಲದಲ್ಲಿ ಜೊಂಡು ಕೊಯ್ಯುವವರು ಈ ಬೆಳವಣಿಗೆಯನ್ನು ಕಾಡಿನ ಹಂತ ಮುಟ್ಟದಂತೆ ತಡೆಯುತ್ತಾರೆ. 1992ರಲ್ಲಿ ಸ್ಥಾಪಿತವಾಗಿ 2009ರಲ್ಲಿ ವಿಸ್ತರಿಸಿದ, ಇದೇ ಪ್ರದೇಶದ ವೇರ್‌ರಿಬ್ಬೆನ್-ವೀಡೆನ್ ರಾಷ್ಟ್ರೀಯ ಉದ್ಯಾನದಲ್ಲಿಯೂ ಈ ಕೊಯ್ಲು ನಡೆಯುತ್ತದೆ. ಏಕೆಂದರೆ ಅಲ್ಲಿನ ಅಪರೂಪದ ಕೆಂಪು ತಾಮ್ರಬಣ್ಣದ ಚಿಟ್ಟೆ ಮೊಟ್ಟೆಯಿಡುವುದು ಕಾಡಿನ ನೆರಳಿನಲ್ಲಲ್ಲ, ತೆರೆದ ಜೊಂಡಿನ ನಡುವೆ ಬೆಳೆಯುವ, ಚುಕ್ಕೆಸೊಪ್ಪಿನ ಕುಲಕ್ಕೆ ಸೇರಿದ ನೀರುಗಿಡದ ಎಲೆಯ ಮೇಲೆ.