ಟಿಪ್ಪುವಿನ ಪುಟ್ಟ ಕೈ ಮತ್ತು ಪಿಸ್ತೂಲಿನ ಹಿಡಿ

ಅವೆನ್ಯೂ ರಸ್ತೆಯಲ್ಲಿ ಮೈಸೂರು ಬ್ಯಾಂಕ್ ವೃತ್ತದಿಂದ ದಕ್ಷಿಣಕ್ಕೆ ನಡೆದರೆ, ಹಳೇ ಪುಸ್ತಕ, ಮದುವೆ ಕಾಗದ, ಬೆಳ್ಳಿಬಂಗಾರದ ಅಂಗಡಿಗಳನ್ನು ದಾಟಿ ಸುಮಾರು ಒಂದು ಕಿಲೋಮೀಟರಿಗೆಲ್ಲ ಕೆ.ಆರ್. ಮಾರುಕಟ್ಟೆ ಸಿಗುತ್ತದೆ. ಅದರ ಆಚೆಗೇ ಕೋಟೆ. ಈ ರಸ್ತೆಗೆ ಹಿಂದೆ ದೊಡ್ಡಪೇಟೆ ಎಂದೇ ಹೆಸರು. ಟಿಪ್ಪು ಸುಲ್ತಾನನ ಕಾಲದಲ್ಲಿ ಪೇಟೆಯನ್ನೂ ಕೋಟೆಯನ್ನೂ ಜೋಡಿಸುತ್ತಿದ್ದ ದಾರಿ ಇದು. ಆಗಿನ ಒಂದು ಮದ್ದಿನ ಮನೆ ಮಾರುಕಟ್ಟೆಯ ಬಳಿ ಇಂದಿಗೂ ನಿಂತಿದೆ.

ಟಿಪ್ಪುವಿನ ಆಯುಧಗಳೆಂದರೆ ನಮಗೆ ನೆನಪಾಗುವುದು ರಾಕೆಟ್ಟು ಮತ್ತು ಕತ್ತಿ. ಈ ಲೇಖನದಲ್ಲಿ ನಾವು ನೋಡಹೊರಟಿರುವುದು ಅವಕ್ಕಿಂತ ಸಣ್ಣ ಸಂಗತಿಯನ್ನು: ಆಯುಧದ ಹಿಡಿ. ಯಾಕೆಂದರೆ ಹಿಡಿಯ ಬಗ್ಗೆ ಎರಡು ತಪ್ಪು ನಂಬಿಕೆಗಳು ಇವತ್ತಿಗೂ ಓಡಾಡುತ್ತಿವೆ, ಎರಡಕ್ಕೂ ಟಿಪ್ಪುವಿನ ಬದುಕಿನಲ್ಲೇ ಉತ್ತರ ಹುಡುಕಬಹುದು.

ಟಿಪ್ಪು ಹುಟ್ಟಿದ್ದು 1750ರ ಸುಮಾರಿಗೆ, ದೇವನಹಳ್ಳಿಯಲ್ಲಿ. ತಂದೆ ಹೈದರಾಲಿ ಬೆಂಗಳೂರಿನ ಮಣ್ಣಿನ ಕೋಟೆಯನ್ನು ಕಲ್ಲಿನಲ್ಲಿ ಕಟ್ಟಿಸಿದಾಗ ಹುಡುಗನಿಗಿನ್ನೂ ಹತ್ತು ಹನ್ನೊಂದು ವರ್ಷ. ಕುದುರೆ ಸವಾರಿ, ಕತ್ತಿವರಸೆ, ಗುರಿ ಹೊಡೆಯುವುದು ಎಲ್ಲವೂ ಎಳೆಯ ವಯಸ್ಸಿನಲ್ಲೇ ಆದವು. ಹದಿನೇಳರ ಹೊತ್ತಿಗೆ, ಮೊದಲ ಮೈಸೂರು ಯುದ್ಧದಲ್ಲಿ, ಮದ್ರಾಸಿನ ಹೊರವಲಯದವರೆಗೆ ಕುದುರೆ ಪಡೆಯನ್ನು ನಡೆಸಿಕೊಂಡು ಹೋಗಿದ್ದ. 1780ರಲ್ಲಿ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆ ಸೋತದ್ದರಲ್ಲಿ ಅವನ ಪಾಲು ದೊಡ್ಡದು. 1782ರ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡ, ರಾಜ್ಯ ಟಿಪ್ಪುವಿನ ಕೈಗೆ ಬಂತು.

ಆಯುಧದ ತಯಾರಿಯಲ್ಲಿ ಅವನಿಗಿದ್ದ ಆಸಕ್ತಿ ಬರೀ ಸಂಗ್ರಹಕಾರನದಲ್ಲ. ಫ್ರಾನ್ಸಿಗೆ ರಾಯಭಾರಿಗಳನ್ನು ಕಳಿಸಿ ಅಲ್ಲಿಂದ ಕುಶಲಕರ್ಮಿಗಳನ್ನು ಕರೆಸಿಕೊಂಡ. ಶ್ರೀರಂಗಪಟ್ಟಣದ ಕಾರ್ಖಾನೆಯಲ್ಲಿ ಯೂರೋಪಿನ ಮಾದರಿಯ ಚಕಮಕಿ ಬಂದೂಕು, ಪಿಸ್ತೂಲುಗಳು ತಯಾರಾದವು. ಯಂತ್ರದ ಭಾಗ ಯೂರೋಪಿನದು, ಮೈಮೇಲೆಲ್ಲ ಹುಲಿಯ ಮುಖ, ಹುಲಿಯ ಪಟ್ಟೆ.

ಆ ಪಿಸ್ತೂಲುಗಳಲ್ಲಿ ನಮ್ಮ ಗಮನ ಸೆಳೆಯುವುದು ಹುಲಿಯಲ್ಲ. ಅವನಿಗಾಗಿ ಮಾಡಿದ ಕೆಲವು ಜೋಡಿಗಳಲ್ಲಿ ಒಂದರ ಚಕಮಕಿ ಯಂತ್ರ ಬಲಕ್ಕಿದ್ದರೆ ಇನ್ನೊಂದರದು ಎಡಕ್ಕಿದೆ, ಕನ್ನಡಿಯಲ್ಲಿ ಕಂಡ ಹಾಗೆ. ಮಾಮೂಲಿ ಚಕಮಕಿ ಪಿಸ್ತೂಲಿನಲ್ಲಿ ಯಂತ್ರ ಬಲಕ್ಕೇ ಇರುತ್ತದೆ. ಕುದುರೆ ಎಳೆದು ಬಿಟ್ಟಾಗ ಕಲ್ಲು ಉಕ್ಕಿಗೆ ಉಜ್ಜಿ ಕಿಡಿ ಹಾರುತ್ತದೆ, ಪಕ್ಕದ ಬಟ್ಟಲಿನ ಮದ್ದು ಭಗ್ಗನೆ ಹೊತ್ತುತ್ತದೆ, ಸಣ್ಣ ತೂತಿನ ಮೂಲಕ ಬೆಂಕಿ ನಳಿಗೆಯೊಳಕ್ಕೆ ಹೋಗುತ್ತದೆ. ಜೋಡಿಯಲ್ಲಿ ಒಂದು ಎಡಗೈಗೆ, ಒಂದು ಬಲಗೈಗೆ ಎಂದಿಟ್ಟುಕೊಂಡರೆ ಎರಡರ ಬೆಂಕಿಯೂ ಸವಾರನಿಂದ ಹೊರಗಡೆಗೇ ಚಿಮ್ಮುತ್ತದೆ. ಜೀನಿನ ಎರಡೂ ಬದಿಗೆ ಸಿಕ್ಕಿಸಿದಾಗ ನೋಡಲೂ ಚೆಂದ. ಇದರಲ್ಲಿ ಅಂದ ಎಷ್ಟು, ಅನುಕೂಲ ಎಷ್ಟು ಎಂದು ಗೆರೆ ಎಳೆಯುವುದು ಕಷ್ಟ. ಆದರೆ ಕೈಯನ್ನು ಆಯುಧಕ್ಕೆ ಒಗ್ಗಿಸುವ ಬದಲು ಆಯುಧವನ್ನೇ ಕೈಗೆ ಒಗ್ಗಿಸಿದ್ದಂತೂ ಕಾಣುತ್ತದೆ.

1791ರ ಮಾರ್ಚಿಯಲ್ಲಿ ಕಾರ್ನ್‌ವಾಲಿಸನ ಪಡೆ ಮೊದಲು ಬೆಂಗಳೂರಿನ ಪೇಟೆಯನ್ನು, ಎರಡು ವಾರದ ನಂತರ ಕೋಟೆಯನ್ನು ಹಿಡಿಯಿತು. ಮರುವರ್ಷದ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು, ಇಬ್ಬರು ಗಂಡುಮಕ್ಕಳನ್ನು ಒತ್ತೆ ಇಡಬೇಕಾಯಿತು. ಕಡೆಗೆ 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯ ಬಾಗಿಲೊಂದರಲ್ಲಿ ಹೋರಾಡುತ್ತಲೇ ಟಿಪ್ಪು ಸತ್ತ. ಆಯುಧಗಳು ಲೂಟಿಯಾಗಿ ಇಂಗ್ಲೆಂಡಿನ ಮನೆಮನೆ ಸೇರಿದವು. ಜನರಲ್ ಬೇರ್ಡ್‌ಗೆ ಸಿಕ್ಕಿದ ಕತ್ತಿ 2023ರಲ್ಲಿ ಲಂಡನ್ನಿನ ಹರಾಜಿನಲ್ಲಿ ಸುಮಾರು 1.4 ಕೋಟಿ ಪೌಂಡಿಗೆ ಹೋಯಿತು.

ಅಂದು ಸಂಜೆ ಹೆಣಗಳ ರಾಶಿಯಲ್ಲಿ ಟಿಪ್ಪುವಿನ ದೇಹವನ್ನು ಕಂಡ ಇಂಗ್ಲಿಷ್ ಅಧಿಕಾರಿ ಮೇಜರ್ ಅಲನ್ ಅದರ ವಿವರ ಬರೆದಿಟ್ಟಿದ್ದಾನೆ. ಎತ್ತರ ಕಡಿಮೆ, ಮೈ ದಪ್ಪ, ಕುತ್ತಿಗೆ ಗಿಡ್ಡ, ಕೈಕಾಲು ಮಾತ್ರ ಗಮನ ಸೆಳೆಯುವಷ್ಟು ಚಿಕ್ಕವು ಎನ್ನುವುದು ಅದರ ಸಾರ. ಮೊದಲ ತಪ್ಪು ನಂಬಿಕೆಗೆ ಇಂಥ ವಿವರಗಳೇ ಇಂಬು. ನಮ್ಮ ಹಳೆಯ ಕತ್ತಿಗಳ ಹಿಡಿ ಕಂಡವರು, ಇದು ಅಂಗೈಗೇ ಬಿಗಿ, ಹಾಗಾಗಿ ಆಗಿನ ಭಾರತೀಯರ ಕೈ ಪುಟ್ಟದಿತ್ತು ಎಂದುಬಿಡುತ್ತಾರೆ. ಟಿಪ್ಪುವಿನ ಕೈ ಚಿಕ್ಕದಿದ್ದಿರಬಹುದು. ಒಬ್ಬನ ಕೈ ಅಳೆದು ಇಡೀ ನಾಡಿನ ಕೈ ಅಳೆಯಲಾದೀತೇ?

ತಲವಾರಿನ ಹಿಡಿಯನ್ನೇ ಸ್ವಲ್ಪ ಗಮನಿಸಿ. ತುದಿಯಲ್ಲಿ ತಟ್ಟೆಯಂಥ ಬಿಲ್ಲೆ, ಮೇಲೆ ಅಡ್ಡಪಟ್ಟಿ, ನಡುವೆ ಬೆರಳುಗಳು ಒತ್ತಾಗಿ ಕೂರುವಷ್ಟೇ ಜಾಗ. ಮಣಿಕಟ್ಟನ್ನು ಹೆಚ್ಚು ಬಾಗಿಸಹೋದರೆ ಬಿಲ್ಲೆ ಒತ್ತುತ್ತದೆ. ಹಾಗಾಗಿ ಏಟು ಮಣಿಕಟ್ಟಿನಿಂದಲ್ಲ, ಮೊಣಕೈ ಮತ್ತು ಭುಜದಿಂದ ಬರುತ್ತದೆ, ಅಲಗು ಎಳೆದು ಕೊಯ್ಯುತ್ತದೆ. ಜೋರಾಗಿ ಬೀಸಿದಾಗಲೂ ಕತ್ತಿ ಕೈಯಲ್ಲಿ ತಿರುಗುವುದಿಲ್ಲ, ಜಾರುವುದಿಲ್ಲ. ಬಿಗಿಯಾಗಿರುವುದು ಬೇಕೆಂದೇ ಮಾಡಿದ್ದು.

ಎರಡನೆಯ ನಂಬಿಕೆ ಈಗಿನ ಪಿಸ್ತೂಲುಗಳದ್ದು. ಹಿಡಿಗೆ ರಬ್ಬರ್ ತೋಳು ಹಾಕಿದರೆ, ತರಿತರಿ ಪಟ್ಟಿ ಅಂಟಿಸಿದರೆ ಗುಂಡಿನ ಒದೆತ ಕಡಿಮೆಯಾಗುತ್ತದೆ ಎನ್ನುತ್ತಾರೆ. ಭೌತಶಾಸ್ತ್ರ ಇದನ್ನು ಪೂರ್ತಿ ಒಪ್ಪುವುದಿಲ್ಲ. ಗುಂಡು ಮತ್ತು ಉರಿದ ಮದ್ದು ಮುಂದಕ್ಕೆ ಎಷ್ಟು ಆವೇಗ ಒಯ್ಯುತ್ತವೋ ಅಷ್ಟೇ ಆವೇಗ ಪಿಸ್ತೂಲಿಗೆ ಹಿಂದಕ್ಕೆ ಸಿಗುತ್ತದೆ. ಹಿಡಿಯ ಮೇಲೆ ಏನು ಹಾಕಿದರೂ ಈ ಲೆಕ್ಕ ಬದಲಾಗದು. ಬದಲಾಗುವುದು ಕೈಗೆ ಅದು ತಲುಪುವ ರೀತಿ. ಮೆತ್ತನೆಯ ರಬ್ಬರು ಒದೆತವನ್ನು ತುಸು ಹೆಚ್ಚು ಸಮಯಕ್ಕೆ, ಹೆಚ್ಚು ಅಗಲಕ್ಕೆ ಹರಡುತ್ತದೆ, ನೋವು ಕಡಿಮೆ ಅನ್ನಿಸುತ್ತದೆ. ತರಿತರಿ ಮೈ ಬೆವರಿದ ಕೈ ಜಾರದಂತೆ ತಡೆಯುತ್ತದೆ. ನಳಿಗೆ ಕೈಗಿಂತ ಮೇಲಿರುವುದರಿಂದ ಒದೆತಕ್ಕೆ ಮೂತಿ ಮೇಲಕ್ಕೇಳುತ್ತದಲ್ಲ, ಅದನ್ನು ತಡೆಯಲು ಗಟ್ಟಿ ಹಿಡಿತ ನೆರವಾಗುತ್ತದೆ. ಆದರೆ ಸಡಿಲವಾದ ತೋಳು ಇರದಿರುವುದಕ್ಕಿಂತ ಕೆಟ್ಟದ್ದು: ಕೈ ಗಟ್ಟಿಯಾಗಿ ಹಿಡಿದಿರುವುದು ರಬ್ಬರನ್ನು, ಪಿಸ್ತೂಲನ್ನಲ್ಲ.

ಹಾಗಾದರೆ ಈಗಿನ ಪಿಸ್ತೂಲಿಗೆ ಇಷ್ಟೆಲ್ಲ ಜೋಡಣೆ ಯಾಕೆ ಬೇಕಾಯಿತು? ಅರೆ ಸ್ವಯಂಚಾಲಿತ ಪಿಸ್ತೂಲುಗಳಲ್ಲಿ ಗುಂಡುಗಳ ಮ್ಯಾಗಜೀನು ಸಾಮಾನ್ಯವಾಗಿ ಕೂರುವುದೇ ಹಿಡಿಯೊಳಗೆ. ಹಿಡಿಯ ದಪ್ಪವನ್ನು ನಿರ್ಧರಿಸುವುದು ಮೊದಲು ಗುಂಡು, ಆಮೇಲೆ ಕೈ. ಎಲ್ಲರ ಕೈಗೂ ಒಂದೇ ಅಳತೆ ಹೊಂದದ್ದರಿಂದ ಕೆಲವು ಕಂಪನಿಗಳು ಹಿಡಿಯ ಬೆನ್ನಿನ ಭಾಗವನ್ನು ಎರಡು ಮೂರು ಅಳತೆಗಳಲ್ಲಿ ಕೊಡುತ್ತವೆ, ಮ್ಯಾಗಜೀನು ಬಿಡಿಸುವ ಗುಂಡಿಯನ್ನು ಎಡಚರಿಗಾಗಿ ಇನ್ನೊಂದು ಬದಿಗೆ ಬದಲಿಸಲೂ ಆಗುತ್ತದೆ. ಶ್ರೀರಂಗಪಟ್ಟಣದ ಕುಶಲಕರ್ಮಿಗಳಿಗೆ ಈ ತಾಪತ್ರಯ ಇರಲಿಲ್ಲ. ಅವರ ಪಿಸ್ತೂಲಿಗೆ ಒಂದೇ ಗುಂಡು, ಅದನ್ನು ತುಂಬುವುದು ನಳಿಗೆಯ ಬಾಯಿಂದ. ಹಿಡಿಯೆಂದರೆ ಬರೀ ಮರ, ಕೆತ್ತಿ ಯಾವ ಕೈಗೆ ಬೇಕಾದರೂ ಹೊಂದಿಸಬಹುದಿತ್ತು.